ಮತ್ಸ್ಯವಿನೋದವೂ ಠಾಣೆಯ ಖಾಡಿಯ ಧಕ್ಕೆಗಳೂ

ಪಶ್ಚಿಮ ಚಾಲುಕ್ಯವಂಶದ ಮೂರನೆಯ ಸೋಮೇಶ್ವರನು ಕ್ರಿ. ಶ. ೧೧೨೬ರಿಂದ ೧೧೩೮ರವರೆಗೆ ಕಲ್ಯಾಣದಲ್ಲಿ ರಾಜ್ಯವಾಳಿದನು. 'ಸರ್ವಜ್ಞಚಕ್ರವರ್ತಿ' ಎಂಬ ಬಿರುದು ಪಡೆದ ಈ ಅರಸನು ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ವು ಐದು ವಿಂಶತಿಗಳ, ನೂರು ಅಧ್ಯಾಯಗಳ ಬೃಹತ್ಕೋಶ. ರಾಜ್ಯವನ್ನು ಪಡೆಯುವ ಮತ್ತು ಸ್ಥಿರಗೊಳಿಸುವ ಬಗೆಯಿಂದ ಮೊದಲಾಗಿ ಅಡುಗೆ, ಸಂಗೀತ, ನೃತ್ಯ, ಚಿತ್ರಕಲೆಗಳವರೆಗೆ ಅದರಲ್ಲಿ ಬಾರದ ವಿಷಯ ವಿರಳ. ವಿನೋದಗಳಿಗೆ ಮೀಸಲಾದ ನಾಲ್ಕನೆಯ ವಿಂಶತಿಯಲ್ಲಿ 'ಮತ್ಸ್ಯವಿನೋದ'ವೆಂಬ ಒಂದು ಪ್ರಕರಣವುಂಟು. ಗಾಳದಿಂದ ಮೀನು ಹಿಡಿಯುವುದನ್ನು ಹೊಟ್ಟೆಪಾಡಿನ ಕಸುಬಾಗಿ ಕಾಣದೆ, ಮನಸ್ಸಿನ ಉಲ್ಲಾಸಕ್ಕೆ ಸಾಧನವಾದ ವಿದ್ಯೆಯಾಗಿ ಅಲ್ಲಿ ವಿವರಿಸಲಾಗಿದೆ. ಸುಮಾರು ೩೫ ಬಗೆಯ ಮೀನುಗಳನ್ನು ಹೆಸರಿಸಿ, ಕಡಲಿನವು, ನದಿಯವು, ಹುರುಪೆಯುಳ್ಳವು, ಹುರುಪೆಯಿಲ್ಲದವು ಎಂದು ವಿಂಗಡಿಸಿ, ಯಾವ ಮೀನಿಗೆ ಯಾವ ಆಹಾರವನ್ನು ಒಡ್ಡಬೇಕೆಂಬುದನ್ನೂ ದಾರ, ಕೋಲು, ಗಾಳಗಳ ಲಕ್ಷಣವನ್ನೂ ಅರಸನು ತಿಳಿಸಿದ್ದಾನೆ. ಮತ್ಸ್ಯವಿಜ್ಞಾನಿ ಸುಂದರಲಾಲ ಹೋರಾ ಅವರು ೧೯೫೧ರಲ್ಲಿ ಈ ಪ್ರಕರಣವನ್ನು ವಿದ್ವಾಂಸರ ಗಮನಕ್ಕೆ ತಂದರು. ಇಂಗ್ಲಿಷ್ ಸಾಹಿತ್ಯದಲ್ಲಿ ಈ ವಿಷಯದ ಮಹಾಗ್ರಂಥವೆಂದು ಹೆಸರಾದ ಐಜಾಕ್ ವಾಲ್ಟನ್ನನ ಕೃತಿಯು ಪ್ರಕಟವಾದದ್ದು ೧೬೫೩ರಲ್ಲಿ; ಕನ್ನಡನಾಡಿನ ಅರಸನ ಬರವಣಿಗೆಯು ಅದಕ್ಕಿಂತ ಐದು ಶತಮಾನ ಹಿರಿದು.

ಸೋಮೇಶ್ವರನ ಕಲ್ಯಾಣವು ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ. ಪ್ರಕೃತ ಲೇಖನಕ್ಕೆ ಸಂಬಂಧಿಸಿದ ಕಲ್ಯಾಣವು ಬೇರೆ. ಅದು ಉಲ್ಹಾಸ ನದಿಯ ದಡದ ಬಂದರು. ಕ್ರಿಸ್ತಶಕ ಒಂದನೆಯ ಶತಮಾನದ ಗ್ರೀಕ್ ನಾವಿಕಗ್ರಂಥ 'ಪೆರಿಪ್ಲಸ್' ಈ ಊರನ್ನು ಕಲ್ಲಿಯೇನ ಎಂದು ಹೆಸರಿಸುತ್ತದೆ. ೧೬೫೭ರಲ್ಲಿ ಕಲ್ಯಾಣ-ಭಿವಂಡಿಗಳನ್ನು ಕೈವಶಮಾಡಿಕೊಂಡ ಶಿವಾಜಿಯು ತನ್ನ ನೌಕಾಬಲಕ್ಕೆ ಅಡಿಗಲ್ಲಿಟ್ಟದ್ದೂ ಈ ನೀರಿನಲ್ಲಿಯೇ. ಸೋಮೇಶ್ವರನ ಕಾಲದಲ್ಲಿ ಇಲ್ಲಿಗೆ ಸಮೀಪದ ಠಾಣೆ, ಅಂದರೆ ಶ್ರೀಸ್ಥಾನಕವು, ಉತ್ತರ ಕೊಂಕಣದ ಶಿಲಾಹಾರರ ರಾಜಧಾನಿಯಾಗಿತ್ತು. ಹೀಗೆ ಹಡಗು, ಬಂದರುಗಳೊಡನೆ ಎರಡು ಸಾವಿರ ವರ್ಷ ಬಾಳಿದ ಈ ತೀರವು ಕಳೆದ ಒಂದೂವರೆ ಶತಮಾನದಲ್ಲಿ ನೀರಿಗೆ ಬೆನ್ನು ತಿರುಗಿಸಿತು. ೧೮೫೩ರ ಏಪ್ರಿಲ್ ೧೬ರಂದು ಮುಂಬಯಿಯಿಂದ ಠಾಣೆಗೂ, ಮರುವರ್ಷ ಕಲ್ಯಾಣಕ್ಕೂ ಬಂದ ಉಗಿಬಂಡಿಯು ಜನಜೀವನದ ಮುಖವನ್ನೇ ರೈಲುಹಳಿಯ ಕಡೆಗೆ ತಿರುಗಿಸಿತು. ಡೊಂಬಿವಲಿಯಿಂದ ನಿತ್ಯವೂ ನಿಂತುಕೊಂಡೇ ಪ್ರಯಾಣ ಮಾಡುವ ಉದ್ಯೋಗಿಗೆ ಠಾಣೆ-ಕಳವಾಗಳ ನಡುವಣ ಖಾಡಿಯು ಕಿಟಕಿಯಾಚೆ ಕ್ಷಣಕಾಲ ಕಾಣುವ ಒಂದು ಬೂದುಬಣ್ಣದ ಪಟ್ಟಿ ಮಾತ್ರ.

ಈಗ ತೀರವು ಮತ್ತೆ ನೀರಿನ ಕಡೆಗೆ ತಿರುಗುತ್ತಿದೆ. ನವಿ ಮುಂಬಯಿಯ ಬೇಲಾಪುರದಲ್ಲಿ ಮಹಾರಾಷ್ಟ್ರ ಮೇರಿಟೈಮ್ ಬೋರ್ಡಿನ ಜೆಟ್ಟಿಯು ೨೦೨೨ರ ಫೆಬ್ರವರಿಯಲ್ಲಿ ಉದ್ಘಾಟನೆಗೊಂಡಿತು. ನೆರೂಳದಲ್ಲಿ ಸಿಡ್ಕೊ ಸಂಸ್ಥೆಯು ಜಲಪ್ರಯಾಣದ ನಿಲ್ದಾಣವೊಂದನ್ನು ಕಟ್ಟಿದೆ. ಠಾಣೆಯ ಗಾಯಮುಖ, ಕೋಲಶೇತ ಮೊದಲಾದ ಕಡೆಗಳಲ್ಲಿ ಖಾಡಿದಡವನ್ನು ವಿಹಾರಸ್ಥಾನವಾಗಿ ಮಾರ್ಪಡಿಸುವ ಕೆಲಸ ನಡೆದಿದೆ. ಕಲ್ಯಾಣದ ದುರ್ಗಾಡಿ ಕೋಟೆಯ ಬುಡಕ್ಕೂ ಅಂಥದೇ ಯೋಜನೆಯುಂಟು. ಇಂಥ ಕಟ್ಟೆಗಳನ್ನು ಮುಂದೆ ವಿಹಾರನೌಕೆಗಳ ತಂಗುದಾಣಗಳಾಗಿ, ಅಂದರೆ ಮರಿನಾಗಳಾಗಿ, ಬೆಳೆಸಬೇಕೆಂಬ ಮಾತೂ ಕೇಳಿಬರುತ್ತದೆ. ಭಾರತದಲ್ಲಿ ಈ ಹೆಸರಿಗೆ ತಕ್ಕ ತಂಗುದಾಣವು ಮೊದಲು ಆದದ್ದು ಕೊಚ್ಚಿಯ ಬೋಳ್ಗಾಟ್ಟಿ ದ್ವೀಪದಲ್ಲಿ. ಇವುಗಳ ದಡಕ್ಕೆ ವಿನೋದಕ್ಕಾಗಿ ಗಾಳ ಹಾಕುವವರನ್ನು ಬರಮಾಡಿಕೊಳ್ಳುವುದು ಹೇಗೆ, ಬಂದವರನ್ನು ಉಳಿಸಿಕೊಳ್ಳುವುದು ಹೇಗೆ ಎಂಬ ಪ್ರಶ್ನೆಯನ್ನು ಇಲ್ಲಿ ಪರ್ಯಾಲೋಚಿಸಲಾಗಿದೆ. ಪ್ರಶ್ನೆಯು ಮೇಲ್ನೋಟಕ್ಕೆ ಕೆಲವರ ಬಿಡುವಿನ ವಿಷಯದಂತೆ ತೋರುತ್ತದೆ. ಆದರೆ ಖಾಡಿಯಲ್ಲಿ ಮೀನು ಉಳಿಯುವುದೇ, ಖಾಡಿಯನ್ನೇ ನಂಬಿದ ಕೋಳಿಗಳ ಪಾಡೇನು ಎಂಬ ಎರಡು ದೊಡ್ಡ ಪ್ರಶ್ನೆಗಳು ಅದರೊಳಗೆ ಅಡಗಿವೆ.

ಮೊದಲು ಶಬ್ದಗಳ ಮಾತು. ಹಡಗುಕಟ್ಟೆಗೆ ಮಂಗಳೂರಿನವರು ಧಕ್ಕೆ ಎನ್ನುತ್ತಾರೆ. ಮರಾಠಿಗರು ಧಕ್ಕಾ ಎನ್ನುತ್ತಾರೆ. ಮುಂಬಯಿಯ ಭಾವೂಚಾ ಧಕ್ಕಾ ಯಾರಿಗೆ ತಿಳಿಯದು? ಮೀನಿನ ಕೊಕ್ಕೆಗೆ ಕನ್ನಡದಲ್ಲಿ ಗಾಳ, ಮರಾಠಿಯಲ್ಲಿ ಗಳ. ಉಪ್ಪುನೀರಿನ ಕೆಸರಿನಲ್ಲಿ ಉಸಿರುಬೇರುಗಳನ್ನೆತ್ತಿ ನಿಲ್ಲುವ ಗಿಡಗಳ ಕಾಡು ಕರಾವಳಿಯ ಕನ್ನಡದಲ್ಲಿ ಕಾಂಡ್ಲಾವನ, ಇಲ್ಲಿ ಕಾಂದಳವನ. ಈ ನೀರಿನ ಭಾಷೆಯು ಕನ್ನಡಿಗನಿಗೆ ಪರಕೀಯವಲ್ಲ. ಮುಂಬಯಿಯಲ್ಲಿ ೧೯೦೨ರಷ್ಟು ಹಿಂದೆಯೇ ಸ್ವಂತ ಮಂಡಳಿಯನ್ನು ಕಟ್ಟಿಕೊಂಡ ಮೊಗವೀರರಂತೂ ಕಡಲಿನ ವಿದ್ಯೆಯನ್ನು ಜೊತೆಯಲ್ಲಿಯೇ ತಂದವರು.

ಗಾಳಗಾರನನ್ನು ದಡಕ್ಕೆ ತರುವ ವಿಷಯದಲ್ಲಿ ಪ್ರಥಮ ತತ್ತ್ವವು ಬಲು ಸರಳ. ಅವನು ಬರುವುದು ಕಟ್ಟಡಕ್ಕಾಗಿ ಅಲ್ಲ, ನೀರಿಗಾಗಿ. ನೀರಿನ ನಡೆಯನ್ನು ಅರಿಯದೆ ಕಟ್ಟಿದ ಧಕ್ಕೆಯು ಎಷ್ಟೇ ಅಂದವಾಗಿದ್ದರೂ ಅವನಿಗೆ ಉಪಯೋಗವಿಲ್ಲ. ಮುಂಬಯಿಯ ತೀರದಲ್ಲಿ ದಿನಕ್ಕೆ ಎರಡು ಬಾರಿ ಸಮುದ್ರವು ಏರಿ, ಎರಡು ಬಾರಿ ಇಳಿಯುತ್ತದೆ. ಒಂದು ಭರತಿಗೂ ಮುಂದಿನದಕ್ಕೂ ಸುಮಾರು ಹನ್ನೆರಡು ಗಂಟೆ ಇಪ್ಪತ್ತೈದು ನಿಮಿಷಗಳ ಅಂತರವಿರುವುದರಿಂದ ಭರತಿಯ ವೇಳೆಯು ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ಹಿಂದೆ ಬೀಳುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಬರುವ ದೊಡ್ಡ ಭರತಿಗೆ ಕೋಳಿಗಳು ಉಧಾಣ ಎನ್ನುತ್ತಾರೆ. ಅಷ್ಟಮಿಯ ಸುಮಾರಿನ ಸಣ್ಣ ಭರತಿಗೆ ಭಾಂಗ ಎನ್ನುತ್ತಾರೆ. ಉಧಾಣದ ದಿನಗಳಲ್ಲಿ ನೀರಿನ ಏರಿಳಿತವು ನಾಲ್ಕೂವರೆ-ಐದು ಮೀಟರಿನವರೆಗೂ ಮುಟ್ಟುತ್ತದೆ. ಠಾಣೆಯ ಖಾಡಿಯು ಮೇಲ್ಭಾಗದಲ್ಲಿ ಕಿರಿದೂ ಆಳವಿಲ್ಲದ್ದೂ ಆದುದರಿಂದ ಓಹೋಟಿಯ ಹೊತ್ತಿನಲ್ಲಿ ಅಲ್ಲಿ ವಿಶಾಲವಾದ ಕೆಸರುಬಯಲು ತೆರೆದುಕೊಳ್ಳುತ್ತದೆ. ಮಧ್ಯದಲ್ಲಿ ಕಿರಿದಾದ ಕಾಲುವೆಯೊಂದು ಉಳಿಯುತ್ತದೆ. ಆರು ಗಂಟೆಯ ಹಿಂದೆ ದೋಣಿ ತೇಲಿದ ಸ್ಥಳದಲ್ಲಿ ನಿವಟಿಯೆಂಬ ಕೆಸರುಮೀನು ಕುಪ್ಪಳಿಸುತ್ತಿರುತ್ತದೆ.

ಈ ಸ್ವಭಾವದಿಂದ ಎರಡು ಫಲಿತಾಂಶಗಳು ಬರುತ್ತವೆ. ಒಂದನೆಯದಾಗಿ, ಕಲ್ಲು-ಕಾಂಕ್ರೀಟುಗಳ ಸ್ಥಿರವಾದ ಕಟ್ಟೆಯು ಭರತಿಯಲ್ಲಿ ನೀರಿಗೆ ಹತ್ತಿರವಾಗಿದ್ದರೂ ಓಹೋಟಿಯಲ್ಲಿ ಒಂದು ಮಹಡಿಯ ಎತ್ತರಕ್ಕೆ ಹೋಗಿಬಿಡುತ್ತದೆ. ಅಲ್ಲಿಂದ ಗಾಳಕ್ಕೆ ಬಿದ್ದ ಮೀನನ್ನು ಗಾಯವಾಗದಂತೆ ಎತ್ತುವುದು ಅಸಾಧ್ಯ. ಮರಿನಾಗಳಲ್ಲಿ ಬಳಸುವ ತೇಲುಕಟ್ಟೆಯು ನೀರಿನೊಡನೆ ತಾನೂ ಏರಿಳಿಯುತ್ತದೆ. ದಡಕ್ಕೂ ಅದಕ್ಕೂ ನಡುವೆ ಕೀಲುಳ್ಳ ಸೇತುವೆಯಿರುತ್ತದೆ. ಇಂಥ ತೇಲುಕಟ್ಟೆಯ ಒಂದು ತುದಿಯನ್ನು ನೌಕೆಗಳ ಸಂಚಾರದಿಂದ ಬೇರ್ಪಡಿಸಿ, ಕಟಕಟೆ ಹಾಕಿ, ಗಾಳಗಾರರಿಗೆ ಬಿಟ್ಟುಕೊಟ್ಟರೆ ವೃದ್ಧರೂ ಮಕ್ಕಳೂ ಅಪಾಯವಿಲ್ಲದೆ ಕುಳಿತುಕೊಳ್ಳಬಹುದು. ನೌಕೆಯ ಯಂತ್ರಕ್ಕೆ ಗಾಳದ ದಾರ ಸುತ್ತಿಕೊಳ್ಳುವುದೂ, ನೌಕೆಯವರಿಗೂ ಗಾಳಗಾರರಿಗೂ ಜಗಳ ಹುಟ್ಟುವುದೂ ಇದರಿಂದ ತಪ್ಪುತ್ತವೆ. ಎರಡನೆಯದಾಗಿ, ಗಾಳಗಾರನ ದಿನಚರಿಯನ್ನು ನಿರ್ಣಯಿಸುವುದು ಚಂದ್ರನೇ ಹೊರತು ಕಚೇರಿಯ ಗಡಿಯಾರವಲ್ಲ. ಭರತಿಯು ಬೆಳಗಿನ ನಾಲ್ಕು ಗಂಟೆಗೆ ತಿರುಗುವುದಾದರೆ ಮೀನು ಆಹಾರಕ್ಕೆ ಬರುವ ಹೊತ್ತೂ ಅದೇ. ಹತ್ತು ಗಂಟೆಗೆ ಬಾಗಿಲು ತೆರೆದು ಐದಕ್ಕೆ ಮುಚ್ಚುವ ಧಕ್ಕೆಗೆ ಅವನು ಎರಡನೆಯ ಬಾರಿ ಬರಲಾರನು. ಭರತಿಯ ಕೋಷ್ಟಕವನ್ನು ಬಾಗಿಲಲ್ಲಿ ತೂಗುಹಾಕಿ, ಅದರಂತೆ ವಾರಕ್ಕೆ ಎರಡು ದಿನವಾದರೂ ವೇಳೆಯನ್ನು ಬದಲಾಯಿಸಿಕೊಳ್ಳುವುದು ಯಾವ ಅಲಂಕಾರಕ್ಕಿಂತಲೂ ಹೆಚ್ಚಿನ ಆಮಂತ್ರಣವಾದೀತು.

ಇನ್ನೊಂದು ಸಂಗತಿಯೂ ಗಮನಾರ್ಹ. ಪಾಶ್ಚಾತ್ಯ ದೇಶಗಳಲ್ಲಿ ಮರಿನಾಕ್ಕೆ ಬರುವ ಗಾಳಗಾರನು ಸಾಮಾನ್ಯವಾಗಿ ಸ್ವಂತ ದೋಣಿಯುಳ್ಳವನು. ಠಾಣೆ-ಕಲ್ಯಾಣಗಳ ಗಾಳಗಾರನಾದರೋ ಒಂದು ಕೋಲನ್ನೂ ಡಬ್ಬಿಯಲ್ಲಿ ಎರೆಯನ್ನೂ ಹಿಡಿದು ರೈಲಿನಲ್ಲಿಯೋ ಬಸ್ಸಿನಲ್ಲಿಯೋ ಬರುವವನು. ಠಾಣೆಯಿಂದ ವಾಶಿ, ನೆರೂಳಗಳ ಕಡೆಗೆ ೨೦೦೪ರಲ್ಲಿ ಆರಂಭವಾದ ಟ್ರಾನ್ಸ್‌ಹಾರ್ಬರ್ ಮಾರ್ಗವು ಡೊಂಬಿವಲಿಯವನನ್ನೂ ಒಂದು ಬದಲಾವಣೆಯಲ್ಲಿ ನೀರಿನ ಸಮೀಪಕ್ಕೆ ತರುತ್ತದೆ. ಆದುದರಿಂದ ಮೋಟಾರುಗಳ ನಿಲುಗಡೆಗೆ ಕೊಡುವಷ್ಟೇ ಗಮನವನ್ನು ಸ್ಟೇಶನ್ನಿನಿಂದ ಧಕ್ಕೆಗೆ ನಡೆದುಬರುವ ದಾರಿಗೂ, ನೆರಳಿಗೂ, ಕುಡಿಯುವ ನೀರಿಗೂ, ಸ್ತ್ರೀಪುರುಷರ ಶೌಚಗೃಹಗಳಿಗೂ ಕೊಡಬೇಕು. ಬಾಡಿಗೆಗೆ ಕೋಲು ದೊರೆಯುವ ಒಂದು ಚಿಕ್ಕ ಅಂಗಡಿ, ಮೀನನ್ನು ತೊಳೆಯುವ ಒಂದು ಕಲ್ಲು, ಕಡಿದುಹೋದ ನೈಲಾನ್ ದಾರವನ್ನು ಹಾಕುವ ಒಂದು ಪೆಟ್ಟಿಗೆ, ಇವಿಷ್ಟಿದ್ದರೆ ಆರಂಭಕ್ಕೆ ಸಾಕು. ದಾರದ ಪೆಟ್ಟಿಗೆಯು ಅಲ್ಪವೆಂದು ಉಪೇಕ್ಷಿಸತಕ್ಕದ್ದಲ್ಲ. ನೀರಿನಲ್ಲಿ ಬಿಟ್ಟ ನೈಲಾನ್ ದಾರವು ವರ್ಷಾನುಗಟ್ಟಲೆ ಕೊಳೆಯದೆ ಹಕ್ಕಿಗಳ ಕಾಲಿಗೆ ಉರುಲಾಗುತ್ತದೆ.

ಹಕ್ಕಿಗಳ ಮಾತು ಬಂದುದರಿಂದ ಒಂದು ಎಲ್ಲೆಯನ್ನು ಇಲ್ಲಿಯೇ ಗುರುತಿಸಬೇಕು. ಠಾಣೆಯ ಖಾಡಿಯಲ್ಲಿ ಐರೋಲಿ ಸೇತುವೆಗೂ ವಾಶಿ ಸೇತುವೆಗೂ ನಡುವಣ ಪಶ್ಚಿಮ ದಡದ ಸುಮಾರು ೧,೬೯೦ ಹೆಕ್ಟೇರು ಪ್ರದೇಶವನ್ನು ೨೦೧೫ರಲ್ಲಿ ಫ್ಲೆಮಿಂಗೊ ಅಭಯಾರಣ್ಯವೆಂದು ಘೋಷಿಸಲಾಯಿತು. ೨೦೨೨ರಲ್ಲಿ ಖಾಡಿಯು ರಾಮ್ಸಾರ್ ಒಪ್ಪಂದದ ಜಲಪ್ರದೇಶಗಳ ಪಟ್ಟಿಯನ್ನು ಸೇರಿತು. ಅಭಯಾರಣ್ಯದೊಳಗೆ ಗಾಳದ ವಿನೋದಕ್ಕೆ ಎಡೆಯಿಲ್ಲ, ಇರಲೂ ಬಾರದು. ಗಾಳಗಾರರ ಧಕ್ಕೆಯು ಅದರ ಹೊರಗೆ, ದಕ್ಷಿಣದ ಬೇಲಾಪುರದ ಕಡೆಗೋ, ಉತ್ತರದಲ್ಲಿ ಕೋಲಶೇತ, ಡೊಂಬಿವಲಿಯ ಮೋಟಾಗಾಂವ, ಕಲ್ಯಾಣದ ದುರ್ಗಾಡಿಗಳ ಉಲ್ಹಾಸದ ನೀರಿಗೋ ಸೇರಿದ್ದು. ಆದರೆ ನೀರಿಗೆ ನಕ್ಷೆಯ ಗೆರೆ ತಿಳಿಯದು. ನೆರೂಳ ಜೆಟ್ಟಿಯ ಸಮೀಪದ ಡಿ. ಪಿ. ಎಸ್. ಸರೋವರಕ್ಕೆ ಭರತಿಯ ನೀರು ಬರುವ ದಾರಿಗಳು ಅಡಚಿಕೊಂಡು, ೨೦೨೪ರಲ್ಲಿ ಅಲ್ಲಿ ಫ್ಲೆಮಿಂಗೊಗಳು ಸತ್ತದ್ದು ದೊಡ್ಡ ಸಾರ್ವಜನಿಕ ಚರ್ಚೆಗೆ ವಿಷಯವಾಯಿತು. ದಡದಲ್ಲಿ ಏನನ್ನು ಕಟ್ಟಿದರೂ ಭರತಿಯ ದಾರಿಯನ್ನು ತೆರೆದಿಡಬೇಕೆಂಬ ಪಾಠವು ಅದರಿಂದ ಸ್ಪಷ್ಟ. ಏಕೆಂದರೆ ಕಾಂದಳವನದ ಬೇರುಗಳ ನಡುವೆ ಭರತಿಯೊಡನೆ ಹೋಗಿ ಬರುವ ಮರಿಗಳೇ ಮುಂದೆ ಖಾಡಿಯ ಮೀನು. ಮರಾಠಿಯಲ್ಲಿ ಬೋಯಿ ಎನ್ನುವ ಮೀನಿನ ಹಿಂಡು ಕೆಸರುಬಯಲಿನ ಪಾಚಿಯನ್ನು ಮೇಯಲು ಭರತಿಯೊಡನೆ ಬರುತ್ತದೆ. ಅದನ್ನು ಬೇಟೆಯಾಡುವ ಜಿತಾಡಾ ಮೀನು ತೊರೆಬಾಯಿಯಲ್ಲಿ ಓಹೋಟಿಯನ್ನು ಕಾದು ನಿಲ್ಲುತ್ತದೆ. ಕಾಂದಳವನವನ್ನು ಕಡಿದು ಕಟ್ಟಿದ ಧಕ್ಕೆಯಲ್ಲಿ ಗಾಳಗಾರನಿಗೆ ನೋಟ ದೊರೆತೀತೇ ಹೊರತು ಮೀನು ದೊರೆಯದು.

ಉಲ್ಹಾಸ ನದಿಯ ಸ್ಥಿತಿಯೂ ವಿಚಾರಣೀಯ. ರಾಜಮಾಚಿಯ ಬೆಟ್ಟಗಳಲ್ಲಿ ಹುಟ್ಟಿ, ಕರ್ಜತ, ಬದಲಾಪುರಗಳನ್ನು ಹಾದು ಬರುವ ಈ ನದಿಗೆ ಬೇಸಗೆಯಲ್ಲಿಯೂ ನೀರಿರುವುದು ಟಾಟಾ ಕಂಪೆನಿಯ ಭಿವಪುರಿ ವಿದ್ಯುದಾಗಾರದಿಂದ ಹೊರಬೀಳುವ ನೀರು ಸೇರುವುದರಿಂದ. ಕಲ್ಯಾಣದ ಬಳಿ ಅಂಬರನಾಥ, ಉಲ್ಹಾಸನಗರಗಳ ಕೊಳೆಯನ್ನು ಹೊತ್ತ ವಾಲಧುನಿಯು ಇದನ್ನು ಕೂಡುತ್ತದೆ. ಕೊಳೆಯ ಸಾರದಿಂದ ಕೊಬ್ಬಿದ ಜಲಕುಂಭಿಯು ವರ್ಷವರ್ಷವೂ ನೀರಿನ ಮೇಲೆ ಹಸಿರು ಚಾಪೆಯನ್ನು ಹಾಸುತ್ತದೆ. ಚಾಪೆಯ ಕೆಳಗೆ ಪ್ರಾಣವಾಯು ಕುಗ್ಗಿ ಮೀನು ಉಸಿರುಗಟ್ಟುತ್ತದೆ. ಹೀಗಿರಲು ಧಕ್ಕೆಯ ಆಡಳಿತವು ಗಾಳಗಾರನಿಗೆ ಸಲ್ಲಿಸಬೇಕಾದ ಮೊದಲ ಪ್ರಾಮಾಣಿಕ ಸೇವೆಯೆಂದರೆ ನೀರಿನ ಪರೀಕ್ಷೆಯ ಫಲವನ್ನು ತಿಂಗಳಿಗೊಮ್ಮೆ ಫಲಕದ ಮೇಲೆ ಬರೆಯುವುದು. ಹಿಡಿದ ಮೀನು ಉಣ್ಣಲು ಯೋಗ್ಯವೇ ಅಲ್ಲವೇ ಎಂಬುದನ್ನು ಮರೆಮಾಚಿ ಯಾರನ್ನು ಕರೆದರೂ ಅದು ಆತಿಥ್ಯವಾಗದು.

ನೀರನ್ನು ಕೆಡಿಸುವುದರಲ್ಲಿ ಕಾರಖಾನೆಗಳಂತೆ ಮರಿನಾಗಳಿಗೂ ಪಾಲುಂಟು. ಫ್ರಾನ್ಸ್ ದೇಶದ ಆರ್ಕಶೋನ್ ಕೊಲ್ಲಿಯ ಸಿಂಪಿಗಳು ಕಳೆದ ಶತಮಾನದ ಎಪ್ಪತ್ತರ ದಶಕದ ಕೊನೆಯಲ್ಲಿ ಸಂತತಿಯಿಲ್ಲದೆ ಹಾಳಾದುವು. ವಿಹಾರನೌಕೆಗಳ ತಳಕ್ಕೆ ಚಿಪ್ಪು-ಪಾಚಿಗಳು ಹತ್ತದಿರಲೆಂದು ಬಳಿದ ತವರಸಂಯುಕ್ತದ ಬಣ್ಣವೇ ಅದಕ್ಕೆ ಕಾರಣವೆಂದು ಕಂಡುಬಂದಿತು. ೧೯೮೨ರಲ್ಲಿ ಫ್ರಾನ್ಸ್ ಸಣ್ಣ ನೌಕೆಗಳಿಗೆ ಆ ಬಣ್ಣವನ್ನು ನಿಷೇಧಿಸಿತು. ೨೦೦೮ರಿಂದ ಅಂತರರಾಷ್ಟ್ರೀಯ ಒಪ್ಪಂದವೊಂದು ಎಲ್ಲ ಹಡಗುಗಳಿಗೂ ಅದನ್ನು ನಿಷೇಧಿಸಿದೆ. ನೌಕೆಯ ತಳಕ್ಕೆ ಬಳಿಯುವ ಬಣ್ಣ, ಚೆಲ್ಲುವ ಎಣ್ಣೆ, ಹೊರಬಿಡುವ ಕೊಳೆನೀರುಗಳ ಮೇಲೆ ಕಟ್ಟುನಿಟ್ಟಿಲ್ಲದ ತಂಗುದಾಣದಲ್ಲಿ ನೌಕೆಯವರೂ ಗಾಳಗಾರರೂ ಬಹುಕಾಲ ಜೊತೆಯಾಗಿ ಇರಲಾರರು.

ಇನ್ನು ಕೋಳಿಗಳ ವಿಚಾರ. ಠಾಣೆಯ ಚೆಂದಣಿ ಕೋಳಿವಾಡ, ಬೇಲಾಪುರದ ದಿವಾಳೆ ಮೊದಲಾದ ಊರುಗಳು ಸುತ್ತಣ ನಗರಗಳಿಗಿಂತ ಹಳೆಯವು. ಅಲ್ಲಿಯ ಜನ ಡೋಲ ಬಲೆಯನ್ನು ಒಡ್ಡಿ, ಪಾಗವೆಂಬ ಬೀಸುಬಲೆಯನ್ನು ಎಸೆದು, ಚಿಂಬೋರಿ ಏಡಿಯನ್ನು ಬಿಲದಿಂದ ತೆಗೆದು ಬದುಕಿದವರು. ಖಾಡಿಯ ಸೇತುವೆಗಳು, ಕಾರಖಾನೆಗಳು, ಮಣ್ಣುತುಂಬಿದ ದಡಗಳು ಒಂದೊಂದಾಗಿ ಅವರ ನೀರನ್ನು ಕಿರಿದುಗೊಳಿಸಿವೆ. ವಿಹಾರದ ಹೆಸರಿನಲ್ಲಿ ಅವರ ದೋಣಿ ನಿಲ್ಲುವ ಸ್ಥಳವನ್ನೂ ಬಲೆ ಒಣಗಿಸುವ ಬಯಲನ್ನೂ ಕಸಿದುಕೊಂಡರೆ ಅದು ಹಸಿದವನ ಎಲೆಯನ್ನು ಎಳೆದು ಉಂಡವನಿಗೆ ತಾಂಬೂಲ ಕೊಟ್ಟಂತಾಗುತ್ತದೆ. ಹಾಗಲ್ಲದೆ ಅವರನ್ನೇ ವಿನೋದದ ಗುರುಗಳನ್ನಾಗಿ ಮಾಡಿಕೊಳ್ಳುವುದು ನ್ಯಾಯವೂ ಹೌದು, ಜಾಣತನವೂ ಹೌದು. ಯಾವ ತೊರೆಬಾಯಿಯಲ್ಲಿ ಎಷ್ಟನೆಯ ತಿಥಿಗೆ ಯಾವ ಮೀನು ಬರುತ್ತದೆಂಬುದನ್ನು ಕೋಳಿ ಮುದುಕನಷ್ಟು ಬಲ್ಲ ಗ್ರಂಥವಿಲ್ಲ. ಗಾಳಗಾರರನ್ನು ಒಯ್ಯುವ ದೋಣಿಯ ಬಾಡಿಗೆ, ಎರೆಯ ಮಾರಾಟ, ಮಾರ್ಗದರ್ಶನದ ಸಂಭಾವನೆ ಇವು ಕೋಳಿವಾಡಕ್ಕೇ ಸಲ್ಲುವಂತೆ ಮೊದಲೇ ಗೊತ್ತುಮಾಡಬೇಕು. ವಿನೋದಕ್ಕೆ ಹಿಡಿದ ಮೀನನ್ನು ಮಾರಬಾರದೆಂಬ ನಿಯಮವೂ ಇರಬೇಕು. ಇಲ್ಲವಾದರೆ ಸಂಬಳಗಾರನ ಬಿಡುವು ಬಡವನ ಪೇಟೆಗೆ ಪೈಪೋಟಿಯಾಗುತ್ತದೆ. ಶ್ರಾವಣದ ಹುಣ್ಣಿಮೆಯಂದು ಇಲ್ಲಿ ಕೋಳಿಗಳು ಕಡಲಿಗೆ ತೆಂಗಿನಕಾಯಿ ಅರ್ಪಿಸುತ್ತಾರೆ. ಕರಾವಳಿಯ ಮೊಗವೀರರೂ ಅದೇ ಕಾಲದಲ್ಲಿ ಸಮುದ್ರಪೂಜೆ ಮಾಡುತ್ತಾರೆ. ಮಳೆಗಾಲದಲ್ಲಿ ಮೀನು ಮೊಟ್ಟೆಯಿಡುವಾಗ ಬಲೆಯನ್ನು ಮಡಿಸಿಡುವ ಸಂಯಮವು ಈ ಹಬ್ಬದ ಹಿನ್ನೆಲೆ. ಜೂನ್, ಜುಲೈ ತಿಂಗಳುಗಳಲ್ಲಿ ಯಂತ್ರದೋಣಿಗಳಿಗೆ ಸರಕಾರವು ವಿಧಿಸುವ ನಿಷೇಧವು ಅದೇ ತತ್ತ್ವದ್ದು. ಆ ಎರಡು ತಿಂಗಳು ಗಾಳಗಾರನೂ ಕೋಲನ್ನು ಮೂಲೆಗಿಟ್ಟರೆ ಅವನ ವಿನೋದಕ್ಕೆ ಮರ್ಯಾದೆ ಹೆಚ್ಚುತ್ತದೆ.

ಸಂಯಮದಿಂದ ಕೂಡಿದ ಮತ್ಸ್ಯವಿನೋದವು ಏನನ್ನು ಸಾಧಿಸಬಲ್ಲದು, ಎಲ್ಲಿ ಎಡವಬಲ್ಲದು ಎಂಬುದಕ್ಕೆ ಕಾವೇರಿಯ ಇತಿಹಾಸವೇ ನಿದರ್ಶನ. ದಕ್ಷಿಣ ಕನ್ನಡದ ಕಲೆಕ್ಟರನಾಗಿದ್ದ ಎಚ್. ಎಸ್. ಥಾಮಸ್ ಎಂಬಾತನು ಭಾರತದ ಗಾಳವಿದ್ಯೆಯನ್ನು ಕುರಿತು ಬರೆದ ಪ್ರಸಿದ್ಧ ಗ್ರಂಥವು ೧೮೭೩ರಲ್ಲಿ ಮಂಗಳೂರಿನಲ್ಲಿಯೇ ಅಚ್ಚಾಯಿತು. ಅದರಲ್ಲಿ ಕೊಂಡಾಡಲ್ಪಟ್ಟ ಮಹಶೀರ್ ಮೀನನ್ನು ಕಾವೇರಿಯ ಕಡೆಯವರು ಬಿಳಿಮೀನು ಎನ್ನುತ್ತಾರೆ. ೧೯೪೬ರಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು ಕಪಿಲೆಯಲ್ಲಿ ೧೨೦ ಪೌಂಡು ತೂಕದ ಬಿಳಿಮೀನನ್ನು ಗಾಳದಿಂದ ಹಿಡಿದದ್ದು ಇಂದಿಗೂ ದಾಖಲೆಯಾಗಿ ನಿಂತಿದೆ. ಆಮೇಲೆ ಸಿಡಿಮದ್ದು ಹಾಕಿ ಮೀನು ಕೊಲ್ಲುವ ದುಷ್ಟಪದ್ಧತಿ ಹಬ್ಬಿ ಬಿಳಿಮೀನು ಕ್ಷೀಣಿಸಿತು. ಆಗ ಭೀಮೇಶ್ವರಿ, ದೊಡ್ಡಮಾಕಳಿ, ಗಾಲಿಬೋರೆಗಳಲ್ಲಿ ಗಾಳಗಾರರ ಶಿಬಿರಗಳು ಏರ್ಪಟ್ಟವು. ಹಿಡಿದ ಬಿಳಿಮೀನನ್ನು ತೂಗಿ, ದಾಖಲೆಯಲ್ಲಿ ಬರೆದು, ಜೀವಸಹಿತ ಹೊಳೆಗೆ ಮರಳಿ ಬಿಡುವುದೇ ಅಲ್ಲಿಯ ಕಟ್ಟಳೆ. ಹಿಂದೆ ಕಳ್ಳತನದಿಂದ ಮೀನು ಹಿಡಿಯುತ್ತಿದ್ದವರಿಗೇ ದಾರಿತೋರುಗರ, ಕಾವಲುಗಾರರ ಕೆಲಸ ದೊರೆಯಿತು. ಗಾಳಗಾರರು ಕೊಟ್ಟ ಹಣದಿಂದ ಹೊಳೆಗೆ ಕಾವಲು ಬಂದಿತು.

ಗಾಲಿಬೋರೆಯ ಶಿಬಿರದಲ್ಲಿ ೧೯೯೮ರಿಂದ ೨೦೧೨ರವರೆಗೆ ಬರೆದಿಟ್ಟ ದಾಖಲೆಗಳನ್ನು ವಿಜ್ಞಾನಿಗಳು ೨೦೧೫ರಲ್ಲಿ ಪರಿಶೀಲಿಸಿದರು. ಆರು ಸಾವಿರಕ್ಕೂ ಮಿಕ್ಕ ಮೀನುಗಳ ಲೆಕ್ಕ ಅಲ್ಲಿ ದೊರೆಯಿತು. ಕಾವಲಿದ್ದ ಆ ಪಾತ್ರದಲ್ಲಿ ಮೀನಿನ ಸಂಖ್ಯೆಯು ಹೆಚ್ಚಿದ್ದು ಅದರಿಂದ ತಿಳಿದುಬಂತು. ಅದರೊಡನೆ ಒಂದು ಕಹಿಸತ್ಯವೂ ಹೊರಬಿತ್ತು. ಹೆಚ್ಚಿದ್ದು ನೀಲಿರೆಕ್ಕೆಯ ಬೇರೆ ಜಾತಿ. ಕಾವೇರಿಗೇ ವಿಶಿಷ್ಟವಾದ, ಬೆನ್ನು ಗೂನಾದ ಮಹಾಮೀನು ದಾಖಲೆಗಳಿಂದ ಹೆಚ್ಚುಕಡಮೆ ಮರೆಯಾಗಿತ್ತು. ಬಿಳಿಮೀನನ್ನು ಉಳಿಸಬೇಕೆಂಬ ಸದುದ್ದೇಶದಿಂದ ಎಪ್ಪತ್ತರ ದಶಕದಿಂದೀಚೆಗೆ ಮರಿಗಳನ್ನು ತಂದು ಹೊಳೆಗೆ ಬಿಟ್ಟಿದ್ದರು. ಆ ಮರಿಗಳು ಬಂದದ್ದು ಉಲ್ಹಾಸದ ಉಗಮಕ್ಕೆ ನೆರೆಯಲ್ಲಿರುವ ಲೋಣಾವಳೆಯಿಂದ, ಟಾಟಾ ಕಂಪೆನಿಯ ಮತ್ಸ್ಯಪಾಲನಾಕೇಂದ್ರದಿಂದ. ಹೊರಗಿನಿಂದ ಬಂದ ಜಾತಿಯು ಒಳಗಿನದನ್ನು ಒತ್ತರಿಸಿ ತಾನು ನೆಲೆಯೂರಿತೆಂಬುದು ವಿಜ್ಞಾನಿಗಳ ಅಭಿಪ್ರಾಯ. ಗೂನುಬೆನ್ನಿನ ಮೀನಿಗೆ ಸರಿಯಾದ ಶಾಸ್ತ್ರೀಯ ನಾಮವು ನಿರ್ಣಯವಾದದ್ದೇ ೨೦೧೮ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನ ಜೀವಿಗಳ ಪಟ್ಟಿಯನ್ನೂ ಸೇರಿತು. ಅಭಯಾರಣ್ಯದಲ್ಲಿ ಗಾಳ ಸಲ್ಲದೆಂಬ ನಿರ್ಣಯದಿಂದ ಶಿಬಿರಗಳ ಮತ್ಸ್ಯವಿನೋದವು ೨೦೧೨ರ ಸುಮಾರಿಗೆ ನಿಂತಿತು. ದಾಖಲೆಯೂ ಅದರೊಡನೆ ನಿಂತಿತು.

ಖಾಡಿಯ ಧಕ್ಕೆಗಳಿಗೆ ಇದರಿಂದ ಎರಡು ಪಾಠಗಳುಂಟು. ಗಾಳಗಾರರ ಸಂತೋಷಕ್ಕಾಗಿ ಹೊರಗಿನ ಮೀನನ್ನು ತಂದು ನೀರಿಗೆ ಬಿಡುವ ಸುಲಭೋಪಾಯವನ್ನು ಎಂದೂ ಅವಲಂಬಿಸಬಾರದು. ಇದ್ದ ಮೀನಿಗೆ ಇರುವ ನೀರನ್ನು ಹಸನುಮಾಡುವುದೇ ಮಾರ್ಗ. ಎರಡನೆಯ ಪಾಠವು ಇದಕ್ಕಿಂತ ಹಿರಿದು. ಗಾಳಗಾರನು ನೀರಿನ ಲೆಕ್ಕಿಗನಾಗಬಲ್ಲನು. ಗಾಲಿಬೋರೆಯಲ್ಲಿ ಮೋಜಿಗೆಂದು ಬಂದವರ ಬರಹವಿಲ್ಲದಿದ್ದರೆ ಒಂದು ಮಹಾಜೀವಿಯು ಮರೆಯಾಗುತ್ತಿರುವುದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಧಕ್ಕೆಯಲ್ಲಿ ಒಂದು ದಪ್ಪ ವಹಿಯನ್ನಿಟ್ಟು, ಬಂದವನು ಎಷ್ಟು ಹೊತ್ತು ಕುಳಿತನು, ಯಾವ ಮೀನು ಎಷ್ಟು ಉದ್ದದ್ದು ಸಿಕ್ಕಿತು, ಏನೂ ಸಿಗದಿದ್ದರೆ ಅದನ್ನೂ, ಬರೆಯಿಸುವ ಪದ್ಧತಿಯನ್ನು ಹಾಕಿದರೆ ಹತ್ತು ವರ್ಷಗಳಲ್ಲಿ ಖಾಡಿಯ ಆರೋಗ್ಯದ ಚರಿತ್ರೆಯೇ ಸಿದ್ಧವಾಗುತ್ತದೆ. ತನ್ನ ಹೆಸರಿನ ಮುಂದೆ ಬರೆದ ಒಂದು ಸಾಲು ಮನುಷ್ಯನನ್ನು ಮತ್ತೆ ಮತ್ತೆ ಅಲ್ಲಿಗೆ ಎಳೆದುತರುತ್ತದೆ. ಬಹುಮಾನದ ಸ್ಪರ್ಧೆಗಳಿಂದ ಒಂದು ದಿನದ ಜನಸಂದಣಿ ಸೇರುತ್ತದೆ. ವಹಿಯಿಂದ ವರ್ಷಾವಧಿಯ ಒಡನಾಟ ಹುಟ್ಟುತ್ತದೆ.

ನಿಯಮಗಳು ಮೀನಿನ ಜೀವನಕ್ರಮವನ್ನು ಅರಿತವಾಗಿರಬೇಕು. ಜಿತಾಡಾ ಮೀನು ಮೊದಲು ಗಂಡಾಗಿ ಬೆಳೆದು, ದೊಡ್ಡದಾದ ಮೇಲೆ ಹೆಣ್ಣಾಗುವ ವಿಚಿತ್ರ ಜೀವಿ. ಆದುದರಿಂದ ಸಣ್ಣದನ್ನು ಬಿಟ್ಟು ದೊಡ್ಡದನ್ನು ಹಿಡಿಯೆಂಬ ಸಾಮಾನ್ಯ ನೀತಿಯು ಇಲ್ಲಿ ತಾಯಂದಿರನ್ನೇ ಕೊಲ್ಲುತ್ತದೆ. ಇದೇ ಮೀನಿಗೆ ಹೆಸರಾದ ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿನಲ್ಲಿ ೫೮ ಸೆಂಟಿಮೀಟರಿಗಿಂತ ಚಿಕ್ಕದನ್ನೂ ೧೨೦ ಸೆಂಟಿಮೀಟರಿಗಿಂತ ದೊಡ್ಡದನ್ನೂ ಇಟ್ಟುಕೊಳ್ಳಕೂಡದು. ಮಹಾರಾಷ್ಟ್ರ ಸರಕಾರವೂ ೨೦೨೩ರಲ್ಲಿ ೫೪ ಜಾತಿಯ ಮೀನುಗಳಿಗೆ ಕನಿಷ್ಠ ಅಳತೆಯನ್ನು ಗೊತ್ತುಪಡಿಸಿತು. ಅಳತೆಯ ಪಟ್ಟಿಯನ್ನು ಧಕ್ಕೆಯ ಕಟಕಟೆಯ ಮೇಲೆಯೇ ಕೆತ್ತಿ, ಮುಳ್ಳಿಲ್ಲದ ಗಾಳವನ್ನು ಬಳಸುವುದನ್ನೂ ಒದ್ದೆ ಕೈಯಿಂದ ಮೀನನ್ನು ಹಿಡಿದು ಬಿಡುವುದನ್ನೂ ಹೊಸಬರಿಗೆ ಕಲಿಸಿದರೆ ದಂಡನೆಯ ಪ್ರಸಂಗವೇ ವಿರಳವಾದೀತು. ಈ ಕಲಿಕೆಗೆ ಸಂಘವೊಂದು ಬೇಕು. ೧೮೯೧ರಲ್ಲಿ ನಿರ್ಮಾಣವಾದ ಪೊವಾಯಿ ಕೆರೆಯ ದಡದಲ್ಲಿ ಮಹಾರಾಷ್ಟ್ರದ ಗಾಳಗಾರರ ಸಂಘವು ಮೀನಿನೊಡನೆ ಕೆರೆಯ ಯೋಗಕ್ಷೇಮವನ್ನೂ ಚಿಂತಿಸುತ್ತ ಬಂದಿರುವುದು ಖಾಡಿಯವರಿಗೆ ಸಮೀಪದ ಮಾದರಿ.

ಶೃಂಗೇರಿಯ ತುಂಗೆಯಲ್ಲಿಯೂ ರಾಮನಾಥಪುರದ ಕಾವೇರಿಯಲ್ಲಿಯೂ ದೇವರ ಮೀನುಗಳೆಂದು ಜನರು ಮೀನಿಗೆ ಅನ್ನವಿಡುತ್ತಾರೆ, ಹಿಡಿಯುವವರಿಲ್ಲ. ಭಕ್ತಿಯಿಂದ ಅಲ್ಲಿ ಆದ ರಕ್ಷಣೆಯನ್ನು ಖಾಡಿಯಲ್ಲಿ ವಿನೋದದಿಂದ ಸಾಧಿಸಬಹುದೇ ಎಂಬುದು ಪ್ರಶ್ನೆ. ಮೀನಿನ ಜಾತಿ, ನೆಲೆ, ಆಹಾರಗಳನ್ನು ಬಲ್ಲವನಿಗೇ ಗಾಳದ ಸಂತೋಷ ಎಂಬುದು ಸೋಮೇಶ್ವರನ ಪ್ರಕರಣದ ಒಟ್ಟು ಧೋರಣೆ. ಅರಸನ ಆ ವಿದ್ಯೆಯು ಇಂದು ಡೊಂಬಿವಲಿಯ ಗುಮಾಸ್ತನಿಗೂ, ಠಾಣೆಯ ಶಾಲಾಬಾಲಕನಿಗೂ, ನವಿ ಮುಂಬಯಿಯ ನಿವೃತ್ತನಿಗೂ ಎಟುಕುವ ಕಾಲ ಬಂದಿದೆ. ಧಕ್ಕೆಗಳು ಏಳುತ್ತಿರುವ ಈ ವರ್ಷಗಳಲ್ಲಿಯೇ ಭರತಿಯ ದಾರಿ, ಕಾಂದಳವನ, ಕೋಳಿಯ ದೋಣಿ ಈ ಮೂರಕ್ಕೂ ಸ್ಥಳವನ್ನು ಕಾದಿರಿಸಿದರೆ ಗಾಳಗಾರನನ್ನು ಕರೆಯಲು ಬೇರೆ ಜಾಹೀರಾತು ಬೇಕಾಗದು. ಕಾದಿರಿಸದಿದ್ದರೆ ದೀಪಗಳಿಂದ ಬೆಳಗುವ ಕಟ್ಟೆಯ ಮೇಲೆ ಕೋಲು ಹಿಡಿದು ಕುಳಿತವನಿಗೆ ಸಿಗುವುದು ಜಲಕುಂಭಿಯ ಬೇರು ಮಾತ್ರ.